ಲಲಿತನ ಬಾಗ್ಲು

ಇವಳೇ,

ಹೆಸರು ಹಿಡಿದು ಕರೆದರೆ ನೀನು ತಿರುಗಿ ನೋಡುತ್ತಿರಲಿಲ್ಲ. ಶಾಲೆಯಲ್ಲಿ ಹಾಜರಿ ಕೂಗಿದ ಹಾಗಾಗುತ್ತದೆ ಎನ್ನುತ್ತಿದ್ದೆ. ಅದಕ್ಕೇ ಈ ಕಾಗದದಲ್ಲೂ ಹಳೆಯ ಕರೆಯೇ ಇರಲಿ. ಇಲ್ಲಿ ನಾನು ಆರಾಮ. ಮಂಡಿ ಹಾಗೇ ಇದೆ. ತಂಬುಳಿಗೆ ಉಪ್ಪು ಎಷ್ಟು ಎಂಬುದು ಈಗ ಕೈಗೆ ಹತ್ತಿದೆ. ಹೊಳೆಬಾಗಿಲಿಗೆ ಸೇತುವೆ ಆಯಿತು, ನಿನ್ನ ತವರಿಗೆ ಹೋಗುವವರು ಇನ್ನು ಲಾಂಚಿಗೆ ಕಾಯಬೇಕಿಲ್ಲ. ನಮ್ಮ ಸಾಗರದ ಮನೆಯ ನಡುಮನೆಯಲ್ಲಿ ಒಂದು ವಿಡಿಯೋ ಗೇಮ್ ಯಂತ್ರ ನಿಂತಿದೆ. ಮುಖ್ಯ ವಿಷಯ ಮೊದಲ ಪ್ಯಾರಾದಲ್ಲೇ ಬರಬೇಕು ಎಂದು ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಪತ್ರಲೇಖನ ಕಲಿಸುವಾಗ ಹೇಳಿದ್ದರು. ಬಂತಲ್ಲ, ಪ್ಯಾರಾದ ಬಾಲದಲ್ಲಿ.

ನಿನ್ನ ಹದಿಮೂರನೆಯ ದಿನದ ಊಟ ನೆನಪಾಗುತ್ತದೆ. ಬಂದವರೆಲ್ಲ ನಿನ್ನವರೇ, ನೀನೊಬ್ಬಳು ಇರಲಿಲ್ಲ. ಪಂಕ್ತಿ ಕೂತಾಗಿತ್ತು, ಲಾಡು ಬರುವುದು ತಡವಾಗಿತ್ತು. ಬಡಿಸುವವನು ಬಂತು ಬಂತು ಎನ್ನುತ್ತಾ ಬರಿಗೈಯಲ್ಲಿ ಓಡಾಡುತ್ತಿದ್ದ. ಕಾರ್ಗಲ್ ಕಾಲೊನಿಯಲ್ಲಿ ನಮ್ಮ ಪಕ್ಕದ ಕ್ವಾರ್ಟರ್ಸಿನಲ್ಲಿದ್ದ ನಿನ್ನ ಸರೋಜಕ್ಕ, ಎಲೆಯ ಮುಂದೆ ಕೂತಲ್ಲಿಂದಲೇ ಒಂದು ಮಾತು ಎಸೆದರು: "ಹೌದ್ಹೌದು, ಬಂತು. ಲಲಿತನ ಬಾಗ್ಲು." ಇಡೀ ಸಾಲು ನಕ್ಕಿತು. ನಕ್ಕು ಮುಗಿಯುವ ಹೊತ್ತಿಗೆ ತಾವು ಯಾರ ಮನೆಯಲ್ಲಿ, ಯಾತಕ್ಕೆ ಕೂತಿದ್ದೇವೆಂಬುದು ಎಲ್ಲರಿಗೂ ನೆನಪಾಯಿತು. ಸರೋಜಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳತೊಡಗಿದರು. ಲಾಡು ಆಗ ಬಂತು, ಯಾರಿಗೂ ಬೇಡವಾಯಿತು.

ಆ ಸಾಲಿನಲ್ಲೇ ಯಾರದೋ ಮನೆಯ ಹೊಸ ಸೊಸೆ ಪಕ್ಕದವಳನ್ನು ಮೆಲ್ಲಗೆ ಕೇಳಿದ್ದು ನನ್ನ ಕಿವಿಗೆ ಬಿತ್ತು: "ಲಲಿತ ಅಂದ್ರೆ ಯಾರಾದ್ರೂ ಇದ್ರಾ?" ಗೋಡೆಯ ಮೇಲೆ ಹಾರ ಹಾಕಿಕೊಂಡು ನೀನೇ ಅವಳನ್ನು ನೋಡುತ್ತಿದ್ದೆ. ಆ ಹುಡುಗಿ ಈ ಮಾತನ್ನು ಗಂಡನ ಮನೆಯಲ್ಲಿ ಕಲಿತವಳು. ಬಾರದ ಬಸ್ಸಿಗೆ, ಆಗದ ಕೆಲಸಕ್ಕೆ, ಹಸಿ ಸುಳ್ಳಿಗೆ ಹೇಳುವ ಮಾತು ಎಂದಷ್ಟೇ ಅವಳಿಗೆ ಗೊತ್ತು. ನಿನ್ನ ಸೀರೆಗಳು ಹಂಚಿಹೋಗುತ್ತವೆ, ನಿನ್ನ ಉಪ್ಪಿನಕಾಯಿ ತಳ ಕಾಣುತ್ತದೆ, ಉಳಿಯುವುದು ಈ ಮಾತೊಂದೇ. ನಿನ್ನ ಹೆಸರು ಸುಳ್ಳಿನ ಇನ್ನೊಂದು ಹೆಸರಾಗಿ ಊರೂರು ತಿರುಗುತ್ತದೆ. ಹಾಗೆ ಬಿಟ್ಟುಬಿಡಲಿಕ್ಕೆ ಆಗುತ್ತದೆಯೇ?

ಕಾಲೊನಿ ಕ್ಲಬ್ಬಿನ ಮಧ್ಯಾಹ್ನಗಳು ನೆನಪಿವೆಯಲ್ಲ? ಗಂಡಸರು ಇಸ್ಪೀಟಿಗೆ ಬರುವ ಮುಂಚೆ ಹೆಂಗಸರ ಹೊತ್ತು. ಮೂಲೆಯಲ್ಲಿ ಯಾರೋ ತಂದು ನಿಲ್ಲಿಸಿದ್ದ ಆ ಯಂತ್ರ, ಅದರಲ್ಲಿ ಒಂದೇ ಆಟ. ಶುರುವಿನಲ್ಲಿ ಚೀನಾದ್ದೋ ಜಪಾನಿನದ್ದೋ ಅಕ್ಷರ, ಹೆಸರೇನೆಂದು ಯಾರಿಗೂ ಗೊತ್ತಿಲ್ಲ. ನೀವೆಲ್ಲ ಅದನ್ನು ತೆಪ್ಪದ ಆಟ ಎನ್ನುತ್ತಿದ್ದಿರಿ. ಗಳ ಹಿಡಿದವನೊಬ್ಬ ತೆಪ್ಪದ ಮೇಲೆ ಹೊಳೆಯಲ್ಲಿ ಬರುತ್ತಾನೆ, ಎರಡೂ ದಡದಲ್ಲಿ ಮೊಸಳೆ, ತಲೆಯ ಮೇಲೆ ತಗ್ಗು ಸೇತುವೆಗಳು. ಕಡ್ಡಿಯಿಂದ ತೆಪ್ಪ ನಡೆಸಬೇಕು, ಗುಂಡಿ ಒತ್ತಿ ತಲೆ ತಗ್ಗಿಸಬೇಕು. ಸರೋಜಕ್ಕ ಭತ್ತ ಕುಟ್ಟುವ ಹಾಗೆ ಆಡುತ್ತಿದ್ದರು. ನೀನು ಹೊಳೆಯಾಚೆಯವಳು, ತೆಪ್ಪದಲ್ಲಿ ಶಾಲೆಗೆ ಹೋದವಳು, ಕಡ್ಡಿ ಬಿಟ್ಟು ಸುಮ್ಮನೆ ನಿಲ್ಲುತ್ತಿದ್ದೆ. ನೀರೇ ನಡುವಿಗೆ ತರುತ್ತದೆ, ನಾವು ತಲೆ ಬಗ್ಗಿಸಿದರೆ ಸಾಕು ಎನ್ನುತ್ತಿದ್ದೆ. ಎಲ್ಲರೂ ಸೋತಲ್ಲಿ ನಿನ್ನ ತೆಪ್ಪ ಮುಂದೆ ಹೋಗುತ್ತಿತ್ತು.

ಆ ದಿನ ಉಳಿದವರೆಲ್ಲ ಪಕ್ಕದ ಕೋಣೆಯಲ್ಲಿ ಬೋಂಡಾ ತಿನ್ನುತ್ತಿದ್ದರು, ನೀನೊಬ್ಬಳೇ ಯಂತ್ರದ ಮುಂದೆ. ಬಾಗ್ಲು ತೆಗೀತು, ಬಾಗ್ಲು ತೆಗೀತು ಎಂದು ಕೂಗಿದೆಯಂತೆ. ಕೈಯಲ್ಲಿ ಬೋಂಡಾ ಹಿಡಿದುಕೊಂಡೇ ಎಲ್ಲರೂ ಓಡಿ ಬಂದರು. ಆಗ ಕರೆಂಟು ಹೋಯಿತು. ಇಡೀ ರಾಜ್ಯಕ್ಕೆ ಕರೆಂಟು ಕಳಿಸುವ ಊರಿನಲ್ಲಿ, ಅದೇ ಗಳಿಗೆಗೆ! ಕರೆಂಟು ಬಂದಾಗ ಆಟ ಮೊದಲಿನಿಂದ ಶುರು. ಕೊನೆಯ ಸೇತುವೆ ದಾಟಿದರೆ ಒಂದು ಮನೆಯಿದೆ, ಬಾಗಿಲು ತೆಗೆಯುತ್ತದೆ, ಒಬ್ಬ ಹೆಂಗಸು ಸೊಂಟದ ಮೇಲೆ ಕೈಯಿಟ್ಟುಕೊಂಡು ಹೊರಗೆ ಬರುತ್ತಾಳೆ ಎಂದು ನೀನು ಆಣೆ ಮಾಡಿದೆ. ಆಮೇಲೇನು ಎಂದರೆ, "ಬೈತಾಳೆ ಇರ್ಬೇಕು" ಎಂದೆ. ಇಂಥ ಆಟಕ್ಕೆ ಕೊನೆ ಎಂದು ಎಲ್ಲಾದರೂ ಇರುತ್ತದೆಯೇ ಎಂದರು ಸರೋಜಕ್ಕ. ಮರುದಿನ ಅವರ ಮನೆಗೆ ಸಿಲಿಂಡರ್ ಬರುತ್ತದೆಂದು ಯಾರೋ ಹೇಳಿದ್ದಕ್ಕೆ, ಲಲಿತನ ಬಾಗ್ಲು ಎಂದರಂತೆ. ವಾರದೊಳಗೆ ನಮ್ಮ ಸ್ಟೋರ್ ಸೆಕ್ಷನ್ನಿಗೂ ಆ ಮಾತು ಬಂತು, ಇಂಡೆಂಟ್ ಹಾಕಿದ ಬೋಲ್ಟು ಯಾವಾಗ ಬರುತ್ತದೆ ಎಂದು ಕೇಳಿದರೆ ಅದೇ ಉತ್ತರ. ಬೋಲ್ಟು ಬಂತು. ನಿನ್ನ ಬಾಗಿಲು ಮಾತ್ರ ಮತ್ತೆ ಯಾರಿಗೂ ತೆಗೆಯಲಿಲ್ಲ, ನಿನಗೂ. ಯಂತ್ರ ಕೆಟ್ಟಿತು, ಕ್ಲಬ್ಬು ಮುಚ್ಚಿತು. ನಾನು ನಂಬಿದ್ದೆನೋ ಇಲ್ಲವೋ ಎಂದು ನೀನು ಕೇಳಲಿಲ್ಲ, ನಾನೂ...

ಹೊಸನಗರ ದಾಟಿ ನಗರ ಎಂಬ ಊರಿನ ಕಡೆ ಯಾರೋ ಆ ಯಂತ್ರವನ್ನು ಕೊಂಡೊಯ್ದಿದ್ದರು ಎಂಬುದು ನನಗೆ ಮಸುಕಾಗಿ ನೆನಪಿತ್ತು. ವಿಚಾರಿಸುತ್ತಾ ಹೋದೆ. ಮನೆ ಸಿಕ್ಕಿತು. ಯಂತ್ರವೂ ಸಿಕ್ಕಿತು, ಹಿತ್ತಿಲಿನಲ್ಲಿ, ಅಂಗಾತ ಮಲಗಿಸಿದ್ದರು. ಟೀವಿ ಇದ್ದಲ್ಲಿ ತಂತಿ ಬಲೆ. ನನಗೆ ಇದರೊಳಗಿನ ಬೋರ್ಡು ಬೇಕಾಗಿತ್ತು ಎಂದು ಮನೆಯಾಕೆಗೆ ಹೇಳಿದೆ. ಆಕೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, "ಬೋರ್ಡಿನವ್ರಾ ನೀವು? ಈ ತಿಂಗಳ ಬಿಲ್ ಕಟ್ಟಿ ಆಗಿದೆ ಮಾರಾಯ್ರೆ" ಎಂದಳು. ಕರೆಂಟ್ ಬೋರ್ಡಲ್ಲ, ಆಟದ ಬೋರ್ಡು ಎಂದರೆ, ಕೇರಂ ಬೋರ್ಡು ಮೈದುನನ ಮನೆಯಲ್ಲಿದೆ ಎಂದಳು. ಕೊನೆಗೆ ನಾನೇ ಬಗ್ಗಿ ಹಿಂದಿನ ಹಲಗೆ ತೆಗೆದೆ. ಕಾಲೇಜಿನಲ್ಲಿ 'ಹೆನ್ಸ್‌ಫೋರ್ತ್' ಎಂಬ ಪದ ಕಲಿತಿದ್ದೆ, ಅರ್ಥ ಪೂರ್ತಿ ಹಿಡಿದಿರಲಿಲ್ಲ. ಅಲ್ಲಿ ಹಿಡಿಯಿತು: ಹೇಂಟೆಗಳೆಲ್ಲ ಒಟ್ಟಿಗೆ ಹೊರಗೆ ಬಂದವು. ಒಳಗೆ ಬೋರ್ಡಿತ್ತು. ಹಸಿರು ಹಲಗೆ, ಮೇಲೆ ಚಿಪ್ಪುಗಳು, ಚಿಪ್ಪುಗಳ ಮೇಲೆ ಕೋಳಿಗಳ ಇಷ್ಟು ವರ್ಷದ ಸೇವೆ. ಒಂದು ಹೇಂಟೆ ಮಾತ್ರ ಎದ್ದಿರಲಿಲ್ಲ, ಬೋರ್ಡಿನ ಮೇಲೆಯೇ ಕಾವು ಕೂತಿತ್ತು. ಅದನ್ನು ಎಬ್ಬಿಸುವುದು ಸರಿಯಲ್ಲ ಎನ್ನಿಸಿತು. ಆಕೆ ಪಾಪ, ಬರಿಗೈಯಲ್ಲಿ ಕಳಿಸಬಾರದೆಂದು ಮೊಟ್ಟೆ ಕಟ್ಟಿ ಕೊಟ್ಟಳು. ನಾನು ಮೊಟ್ಟೆ ತಿನ್ನುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದು ಹಾಲಿನ ಗಿರಿಜಮ್ಮನಿಗೆ ಕೊಟ್ಟೆ.

ತೀರ್ಥಹಳ್ಳಿಗೆ ಮಗಳ ಮನೆಗೆ ಹೋದಾಗ ವಾಣಿಯ ಎದುರು ವಿಷಯ ಬಿಚ್ಚಿದೆ. ಅವಳು ನನ್ನ ಹಣೆ ಮುಟ್ಟಿ ನೋಡಿದಳು. ಆಮೇಲೆ ಅವಳೇ ಪೇಟೆಯ ಮೊಬೈಲ್ ರಿಪೇರಿ ಅಂಗಡಿಗೆ ಕರೆದುಕೊಂಡು ಹೋದಳು. ಅಂಗಡಿಯವನು ಹೇಳಿದ್ದು ಇಷ್ಟು: ಈಗ ಒಂದು ಆಟಕ್ಕೆ ಒಂದು ಯಂತ್ರ ಎಂಬ ಕಾಲ ಹೋಯಿತು, ಹಳೆಯ ಆಟಗಳನ್ನೆಲ್ಲ ಒಂದೇ ಬೋರ್ಡಿಗೆ ತುಂಬಿ ಚೀನಾದಿಂದ ಕಳಿಸುತ್ತಾರೆ, ಮನೆಯಲ್ಲಿ ಪೆಟ್ಟಿಗೆ ಮಾಡಿ ಕೂರಿಸಿಕೊಂಡು ಆಡುವ ಹುಚ್ಚರು ಪ್ರಪಂಚದ ತುಂಬ ಇದ್ದಾರೆ. ನಾನೊಬ್ಬನೇ ಅಲ್ಲ ಎಂದು ವಾಣಿಯ ಮುಖ ನೋಡಿದೆ. ಪೆಟ್ಟಿಗೆಗೆ 'ಕ್ಯಾಬಿನೆಟ್' ಎನ್ನುತ್ತಾರಂತೆ. ನಾನು ಅಷ್ಟು ದಿನ ಕ್ಯಾಬಿನೆಟ್ ಎಂದರೆ ಮಂತ್ರಿಗಳು ಎಂದೇ ತಿಳಿದಿದ್ದೆ. ಅವರದ್ದೂ ನಾಣ್ಯ ಹಾಕಿದರೇ ನಡೆಯುವುದು ಎಂದ ಅಂಗಡಿಯವನು.

ಬೋರ್ಡು ಮಾರುವವನಿಗೆ ಫೋನಿನಲ್ಲಿ ನಾನೇ ಬರೆದೆ. ನಿನಗೆ ಗೊತ್ತಲ್ಲ, ಇಂಗ್ಲಿಷ್ ಪತ್ರ ಎಂದರೆ ನನಗೆ ಈಗಲೂ ಬೆನ್ನು ನೆಟ್ಟಗಾಗುತ್ತದೆ. 'ರೆಸ್ಪೆಕ್ಟೆಡ್ ಸರ್, ಐ ಬೆಗ್ ಟು ಸ್ಟೇಟ್ ದಟ್ ಮೈ ವೈಫ್ ವಾಸ್ ಪ್ಲೇಯಿಂಗ್ ಒನ್ ಗೇಮ್.' ಇಲ್ಲಿಗೆ ಸಿಕ್ಕಿಬಿದ್ದೆ. ತೆಪ್ಪಕ್ಕೆ ಇಂಗ್ಲಿಷಿನಲ್ಲಿ ಏನು? ಯಾವುದೋ ಪಾಠದಲ್ಲಿ ಬಂದಿತ್ತು, ಎಡಪುಟ, ಕೆಳಗಿನ ಸಾಲು, ಕಣ್ಣಿಗೆ ಕಟ್ಟಿದ ಹಾಗಿದೆ. ಪದ ಮಾತ್ರ ಅರ್ಧ ಬಂತು. ಉಳಿದರ್ಧ ನಾನು ಸೇರಿಸಿ 'ರ‍್ಯಾಫ್ಟರ್' ಎಂದು ಬರೆದೆ. 'ಒನ್ ಮ್ಯಾನ್ ಈಸ್ ಸ್ಟ್ಯಾಂಡಿಂಗ್ ಆನ್ ಎ ರ‍್ಯಾಫ್ಟರ್ ವಿತ್ ಎ ಸ್ಟಿಕ್. ಅಟ್ ಲಾಸ್ಟ್ ಎ ಲೇಡಿ ವಿಲ್ ಸ್ಕೋಲ್ಡ್.' ಉತ್ತರ ಬಂತು: 'ಡಿಯರ್ ಫ್ರೆಂಡ್, ಯು ವಾಂಟ್ ಹೌಸ್ ರಿಪೇರ್ ಗೇಮ್?' ವಾಣಿ ಓದಿ ನೆಲಕ್ಕೆ ಕೂತು ನಕ್ಕಳು. ರ‍್ಯಾಫ್ಟರ್ ಎಂದರೆ ಮಾಡಿನ ಪಕಾಸಿಯಂತೆ. ಗಂಡಸೊಬ್ಬ ಕೋಲು ಹಿಡಿದು ಪಕಾಸಿಯ ಮೇಲೆ ನಿಂತಿದ್ದಾನೆ, ಹೆಂಗಸು ಕೆಳಗಿನಿಂದ ಬೈಯುತ್ತಿದ್ದಾಳೆ. ಯೋಚಿಸಿದರೆ ಅದೂ ನಮ್ಮ ಮನೆಯ ಆಟವೇ ತಾನೆ, ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುವ ದಿನದ್ದು?

'ಡು ಯು ಹ್ಯಾವ್ ಹಾರ್ನೆಸ್?' ಎಂದು ಅವನು ಇನ್ನೊಂದು ದಿನ ಕೇಳಿದ. ಈ ಪದ ನನಗೆ ಚೆನ್ನಾಗಿ ಗೊತ್ತಿತ್ತು, ಕುದುರೆಯ ಲಗಾಮು, ಜೀನು. 'ನೋ ಸರ್, ಐ ಹ್ಯಾವ್ ನೈದರ್ ಹಾರ್ಸ್ ನಾರ್ ಹಾರ್ನೆಸ್' ಎಂದು ಬರೆದೆ. ನೈದರ್ ಮತ್ತು ನಾರ್ ತಮ್ಮ ತಮ್ಮ ಜಾಗದಲ್ಲಿ ಕೂತದ್ದು ನೋಡಿ ಆ ದಿನ ಊಟ ರುಚಿಸಿತು. ಆಮೇಲೆ ತಿಳಿಯಿತು, ಅದು ಕಡ್ಡಿ, ಗುಂಡಿ, ಸ್ಪೀಕರು ಎಲ್ಲವನ್ನೂ ಬೋರ್ಡಿಗೆ ಕಟ್ಟುವ ತಂತಿಗಳ ಕಟ್ಟು. ಅವನು ನಗಲಿಲ್ಲ. ಡಿಯರ್ ಎಂದೇ ಕರೆದು ತಂತಿಯ ಕಟ್ಟನ್ನೂ ಕಳಿಸಿದ. ನಿನ್ನ ನಂತರ ನನ್ನನ್ನು ಡಿಯರ್ ಎಂದು ಕರೆದವನು ಅವನೊಬ್ಬನೇ. ನೀನೂ ಕರೆದಿರಲಿಲ್ಲ ಅನ್ನು.

ಬೋರ್ಡು ದಾರಿಯಲ್ಲಿರುವಾಗ ಪೆಟ್ಟಿಗೆ ಮಾಡಿಸಲು ಮಂಜಣ್ಣನಲ್ಲಿಗೆ ಹೋದೆ. ನೆನಪಿದೆಯಾ, ವಾಣಿಯ ಮದುವೆಗೆ ಗಂಧದ ಹಾರ ಮಾಡಿಕೊಟ್ಟ ಕೆತ್ತನೆಯವನು? ಚಿತ್ರ ತೋರಿಸಿದೆ, ನಾಲ್ಕು ಹಲಗೆಯ ಕೆಲಸ ಎಂದೆ. ಅವನು ಚಿತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು, "ಇದೆಂತ ಮಾರಾಯ್ರೆ, ಬೋಳು ಪೆಟ್ಟಿಗೆ? ನನ್ನ ಉಳಿಗೆ ನಾಚ್ಕೆ ಆಗ್ತದೆ" ಎಂದ. ಸ್ವಲ್ಪ ಬಳ್ಳಿ ಎಳೆಯುತ್ತೇನೆ ಎಂದ. ಆಗಲಿ ಎಂದೆ. ಅದೇ ತಪ್ಪಾಯಿತು. ಪೆಟ್ಟಿಗೆ ಮನೆಗೆ ಬಂದಾಗ ಎರಡು ಪಕ್ಕದಲ್ಲೂ ನವಿಲು, ಮೇಲೆ ಪ್ರಭಾವಳಿ, ನೆತ್ತಿಯಲ್ಲಿ ಕಣ್ಣು ಬಿಟ್ಟ ಸಿಂಹಮುಖ. ನಾಣ್ಯ ಹಾಕುವ ಕಿಂಡಿಗೆ ಬಾಯ್ದೆರೆದ ಮೊಸಳೆ. ನಾನು ಆಟದಲ್ಲಿ ಮೊಸಳೆ ಬರುತ್ತದೆ ಎಂದು ಮಾತಿಗೆ ಹೇಳಿದ್ದೆ. ಪರದೆಯ ಮುಂದೆ ಎರಡು ಪುಟ್ಟ ಕದ. ಇದು ಯಾಕೆ ಎಂದರೆ ಮಂಜಣ್ಣನಿಗೆ ನನ್ನ ಬುದ್ಧಿಯ ಬಗ್ಗೆಯೇ ಅನುಮಾನ ಬಂತು. "ದೇವರ ಮಂಟಪಕ್ಕೆ ಬಾಗ್ಲಿಲ್ದೆ ಇರ್ತದಾ?"

ಬೋರ್ಡು ಬಂದ ಮೇಲಿನ ಕಷ್ಟ ಏನೆಂದು ಹೇಳಲಿ? ನೂರಾರು ಆಟ, ಎಲ್ಲದರ ಹೆಸರೂ ಇಂಗ್ಲಿಷಿನಲ್ಲಿ, ಒಂದರಲ್ಲೂ ತೆಪ್ಪವಿಲ್ಲ. ದೋಣಿ ಎಂದಲ್ಲಿ ಯುದ್ಧ, ಹೊಳೆ ಎಂದಲ್ಲಿ ಮೀನು. ಕಡ್ಡಿಯ ತಂತಿ ಅದಲು ಬದಲಾಗಿ ಎಡಕ್ಕೆ ತಳ್ಳಿದರೆ ಎಲ್ಲರೂ ಬಲಕ್ಕೆ ಓಡುತ್ತಿದ್ದರು. ಬೋರ್ಡಿನ ಮೆಮರಿ ಕಾರ್ಡನ್ನು ವಾಣಿಯ ಹಳೆಯ ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಆಟಗಳ ಪಟ್ಟಿ ತೆರೆಯುತ್ತದೆ. ನೋಡಿ ಮುಗಿದ ಆಟದ ಹೆಸರಿನ ಹಿಂದೆ ಒಂದು ಗುರುತು ಹಾಕಿದರೆ ಅದು ಮರೆಯಾಗುತ್ತದೆ. ಹಾಗೆ ಒಂದೊಂದನ್ನೇ ಮರೆ ಮಾಡುತ್ತಾ ಬಂದೆ. ಒಮ್ಮೆ ನನ್ನ ಬೆರಳು ತಾಗಿ ಒಂದು ಕಾಮಾ ಅಳಿಸಿಹೋಯಿತು, ಇಡೀ ಯಂತ್ರ ಕಪ್ಪಾಗಿ ಕೂತಿತು. ಒಂದು ಕಾಮಾಕ್ಕೆ! ಇಂಗ್ಲಿಷ್ ಮೇಷ್ಟ್ರು ಕೂಡ ಕಾಮಾಕ್ಕೆ ಅರ್ಧ ಮಾರ್ಕಿಗಿಂತ ಹೆಚ್ಚು ಕಳೆಯುತ್ತಿರಲಿಲ್ಲ.

ಬೇಸತ್ತು ಅದನ್ನು ಅದರ ಪಾಡಿಗೆ ಬಿಟ್ಟು ಅಡುಗೆಮನೆಗೆ ಹೋದ ಬೆಳಿಗ್ಗೆ ಆಯಿತು ನೋಡು. ಯಾರೂ ಆಡದಿದ್ದಾಗ ಯಂತ್ರ ತಾನೇ ಒಂದೊಂದು ಆಟವನ್ನು ಸ್ವಲ್ಪ ಸ್ವಲ್ಪ ಆಡಿ ತೋರಿಸುತ್ತದೆ, ನೋಡುವವರನ್ನು ಕರೆಯಲಿಕ್ಕೆ. ಅದಕ್ಕೆ 'ಅಟ್ರ್ಯಾಕ್ಟ್' ಎನ್ನುತ್ತಾರೆ, ಅಟ್ರ್ಯಾಕ್ಟ್, ಅಟ್ರ್ಯಾಕ್ಷನ್, ಅಟ್ರ್ಯಾಕ್ಟಿವ್. ನಾನು ಒಂದೆಲಗ ತೊಳೆಯುತ್ತಿದ್ದೆ. ನಡುಮನೆಯಿಂದ ಒಂದು ರಾಗ ಬಂತು. ಡುಂ ಡುಣುಕು, ಡುಂ ಡುಣುಕು, ಕೊನೆಗೆ ಒಂದು ಎಳೆತ. ಕಾಯಿ ತುರಿಯುವಾಗ ನೀನು ಮೂಗಿನಲ್ಲಿ ಗುನುಗುತ್ತಿದ್ದದ್ದು. ಎಷ್ಟು ವರ್ಷ ನಾನದನ್ನು ನಿನ್ನ ತವರಿನ ಯಾವುದೋ ಸೋಬಾನೆ ಎಂದು ತಿಳಿದಿದ್ದೆ! ಒದ್ದೆ ಕೈಯಲ್ಲೇ ಓಡಿ ಬಂದೆ. ತೆಪ್ಪ ಬರುತ್ತಿತ್ತು. ಪಟ್ಟಿಯಲ್ಲಿ ಅದರ ಹೆಸರು 'ಡಿನ್ನರ್ ಲೇಟ್ ಮ್ಯಾನ್'. ಊಟಕ್ಕೆ ತಡ ಮಾಡಿದವನು. ಅಡುಗೆಯ ಆಟ ಇರಬೇಕೆಂದು ನಾನೇ ಬಿಟ್ಟು ಮುಂದೆ ಹೋಗಿದ್ದೆ. ಒಂದೆಲಗ ಅಂದು ಅಡುಗೆಮನೆಯ ಬಚ್ಚಲಲ್ಲೇ ಉಳಿಯಿತು, ತಂಬುಳಿ ಆಗಲಿಲ್ಲ. ಊಟಕ್ಕೆ ನಾನೂ ತಡ.

ಕಡ್ಡಿಯ ತಂತಿ ಸರಿ ಮಾಡಿದೆ. ಉಳಿದ ಆಟಗಳನ್ನೆಲ್ಲ ಮರೆ ಮಾಡಿ, ನಾಣ್ಯ ಬಿದ್ದೊಡನೆ ಇದೊಂದೇ ಬರುವ ಹಾಗೆ ಮಾಡಿದೆ. ಎಷ್ಟು ಜೀವ ಬೇಕು ಎಂದು ಬೋರ್ಡು ಕೇಳುತ್ತದೆ. ಬೇಕಾದರೆ ಮುಗಿಯದಷ್ಟು ಕೊಡುತ್ತದಂತೆ. ಬೆರಳು ಅಲ್ಲಿಯೇ ಸ್ವಲ್ಪ ಹೊತ್ತು ನಿಂತಿತು, ಎಂಥ ಅನುಕೂಲ ನೋಡು... ಆದರೆ ಕ್ಲಬ್ಬಿನಲ್ಲಿ ಇದ್ದದ್ದು ಮೂರು. ಮೂರೇ ಇಟ್ಟೆ. ಇಲ್ಲದಿದ್ದರೆ ಸರೋಜಕ್ಕ ಒಪ್ಪುವವರೇ? ನಾನು ಆಡಿ ಆಡಿ ನೋಡಿದೆ, ಎರಡನೆಯ ಸೇತುವೆ ದಾಟಲಿಲ್ಲ. ಕಡ್ಡಿ ಬಿಡಬೇಕೆಂದು ಗೊತ್ತು, ಕೈ ಬಿಡುವುದಿಲ್ಲ. ಸರೋಜಕ್ಕನಿಗೆ ಫೋನು ಮಾಡಿ ಬಂದು ಆಡಿ ಎಂದೆ. ಸತ್ತವಳನ್ನು ಆ ಆಟಕ್ಕೆ ಎಳೆಯುವುದು ಬೇಡ, ಅಂದು ಆಡಿದ ಮಾತಿಗೇ ನಾಲಿಗೆ ಸುಟ್ಟುಕೊಂಡಿದ್ದೇನೆ, ಆ ಯಂತ್ರವನ್ನು ಇನ್ನು ಮುಟ್ಟುವುದಿಲ್ಲ ಎಂದು ಫೋನಿಟ್ಟರು.

ಹಾಲಿನ ಗಿರಿಜಮ್ಮನ ಕತೆ ಹೇಳದೆ ಮುಂದೆ ಹೋಗಲಾರೆ. ಕದ ಹಾಕಿದ್ದ ಪೆಟ್ಟಿಗೆ ನೋಡಿದ ಮೊದಲ ದಿನವೇ ಆಕೆ ಚಪ್ಪಲಿ ಹೊರಗೆ ಬಿಟ್ಟಳು. ಮರುದಿನ ದಾಸವಾಳ ತಂದು ನವಿಲಿನ ನೆತ್ತಿಗೆ ಇಟ್ಟಳು. ಮೂರನೆಯ ದಿನ ಎರಡು ರೂಪಾಯಿ ನಾಣ್ಯವನ್ನು ಮೊಸಳೆಯ ಬಾಯಿಗೆ ಹಾಕಿದಳು. ಆ ಕಿಂಡಿಯೊಳಗೆ ನಾನು ಮಾದರಿಗೆಂದು ಒಂದು ರೂಪಾಯಿ ಸಿಕ್ಕಿಸಿಟ್ಟಿದ್ದೇನೆ, ಅದರಂಥದ್ದು ಬಂದರೆ ನುಂಗುತ್ತದೆ, ಬೇರೆಯದನ್ನು ಉಗುಳುತ್ತದೆ. ಉಗುಳಿತು. ಆಕೆಯ ಮುಖ ಬಿಳಿಚಿತು. ವಿವರಿಸಲು ಹೋದೆ, ಕೇಳಲಿಲ್ಲ, ಕೈಮುಗಿದು ಹೊರಟೇಹೋದಳು. ಮರುದಿನದಿಂದ ಹಾಲು ಗಟ್ಟಿ. ಈಗಲೂ ಗಟ್ಟಿ. ನೀನು ವರ್ಷಗಟ್ಟಲೆ ಜಗಳವಾಡಿ ಆಗದ್ದು.

ಸರೋಜಕ್ಕ ತಮ್ಮನ ಮನೆಯ ಗೃಹಪ್ರವೇಶಕ್ಕೆ ಕರೆಯಲು ಬಂದರು. ಫೋನಿನಲ್ಲಿ ಹೇಳಿದ್ದ ಯಂತ್ರ ಇದೇ ಎಂದು ಅವರಿಗೆ ಹೊಳೆಯುವುದಾದರೂ ಹೇಗೆ? ಕದ ಮುಚ್ಚಿತ್ತು, ಕಡ್ಡಿ ಗುಂಡಿಗಳ ಮೇಲೆ ದೂಳಿಗೆಂದು ನಿನ್ನ ಕಸೂತಿ ಬಟ್ಟೆ ಹೊದಿಸಿದ್ದೆ, ಗಿರಿಜಮ್ಮನ ದಾಸವಾಳ ಬೇರೆ. ನಾನು ಕಾಫಿಗೆಂದು ಒಳಗೆ ಹೋಗಿದ್ದೆ. "ಭಾವ, ಲಲಿತನ ಹೆಸರಲ್ಲಿ ಮಾಡ್ಸಿದ್ರಾ? ಚಂದ ಆಗಿದೆ" ಎಂದದ್ದು ಕೇಳಿಸಿತು. ಹೌದು ಎಂದೆ. ಅದು ಸುಳ್ಳಲ್ಲವಲ್ಲ? ಆಮೇಲೆ ನಾಣ್ಯ ಬಿದ್ದ ಸದ್ದು. ಸರಿಯಾಗಿ ಒಂದು ರೂಪಾಯಿ. ಆಮೇಲೆ ಮುಚ್ಚಿದ ಕದದ ಹಿಂದಿನಿಂದ ಡುಂ ಡುಣುಕು, ಡುಂ ಡುಣುಕು.

ಲೋಟ ಹಿಡಿದು ಓಡಿ ಬಂದಾಗ ಅವರು ಮುಗಿದ ಕೈ ಮುಗಿದ ಹಾಗೇ ಹಿಡಿದು, ಕಣ್ಣು ಮುಚ್ಚಿ ನಿಂತಿದ್ದರು. "ಭಾವ, ಇದು ಅವಳ ರಾಗ" ಎಂದರು ಮೆಲ್ಲಗೆ. ನಾನು ಬಟ್ಟೆ ಎಳೆದು ಕದ ತೆರೆದೆ. ತೆಪ್ಪ ಹೊರಟಿತ್ತು. ಮುಟ್ಟುವುದಿಲ್ಲ ಎಂದವರ ಕೈ ಯಾವಾಗ ಕಡ್ಡಿಗೆ ಹೋಯಿತೋ, ಭತ್ತ ಕುಟ್ಟಲು ಶುರು. ಮೊದಲ ಜೀವ ಮೊಸಳೆಗೆ. ಎರಡನೆಯದು ಸೇತುವೆಗೆ ತಲೆ ಒಡೆದು. ಸರೋಜಕ್ಕ ನನ್ನನ್ನೇ ಬೈದರು, ಯಂತ್ರ ಸರಿ ಇಲ್ಲ ಎಂದರು, ಕನ್ನಡಕ ಸರಿ ಇಲ್ಲ ಎಂದರು.

"ಸರೋಜಕ್ಕ, ಕೈ ಬಿಡಿ" ಎಂದೆ.

"ಬಿಟ್ರೆ ಮುಳುಗ್ತದಲ್ಲ ಭಾವ?"

"ಅವಳು ಬಿಡ್ತಿದ್ಲು."

ಅವರು ನನ್ನ ಮುಖ ನೋಡಿದರು. ಆಮೇಲೆ ಕಡ್ಡಿ ಬಿಟ್ಟರು. ತೆಪ್ಪ ಸ್ವಲ್ಪ ಹೊಯ್ದಾಡಿ, ತಾನೇ ನಡುನೀರಿಗೆ ಬಂತು. ಮೊಸಳೆಗಳು ಎರಡೂ ದಡದಲ್ಲಿ ಬಾಯಿ ತೆರೆದುಕೊಂಡೇ ಹಿಂದೆ ಉಳಿದವು. ಸೇತುವೆ ಬಂದಾಗಲೆಲ್ಲ ಗುಂಡಿ ಒತ್ತುವುದರ ಜೊತೆಗೆ ಸರೋಜಕ್ಕ ತಮ್ಮ ತಲೆಯನ್ನೂ ಬಗ್ಗಿಸುತ್ತಿದ್ದರು. ನಾನೂ ಬಗ್ಗಿಸುತ್ತಿದ್ದೆನಂತೆ. ಕಾಫಿ ಆರಿತು. ಹೊಳೆ ಅಗಲವಾಯಿತು, ಹಿಂದೆ ನಾನು ನೋಡಿರದ ಬಣ್ಣದ ನೀರು ಬಂತು. ಆಗ ತಲೆಯ ಮೇಲಿನ ಫ್ಯಾನು ನಿಂತಿತು. ಕರೆಂಟು ಹೋಗಿತ್ತು, ಇವಳೇ. ಹೆಚ್ಚುಕಡಿಮೆ ಅದೇ ಜಾಗಕ್ಕೆ! ಸರೋಜಕ್ಕ ಹಾ ಎಂದರು. ಯಂತ್ರ ನಿಲ್ಲಲಿಲ್ಲ. ಆ ಪೆಟ್ಟಿಗೆಗಾಗಿಯೇ ನಾನು ಇನ್ವರ್ಟರ್ ಹಾಕಿಸಿದ್ದೆ, ಫ್ಯಾನಿಗೂ ಕೊಟ್ಟಿರಲಿಲ್ಲ. ಕಾರ್ಗಲ್ಲಿನಲ್ಲಿ ನೌಕರಿ ಮಾಡಿದವನು ನಾನು, ಕರೆಂಟನ್ನು ನಂಬುತ್ತೇನೆಯೇ?

ಕೊನೆಯ ಸೇತುವೆ ದಾಟಿತು. ಮನೆ ಬಂತು. ಬಾಗಿಲು ತೆಗೆಯಿತು. ಸೊಂಟದ ಮೇಲೆ ಕೈಯಿಟ್ಟುಕೊಂಡು ಹೆಂಗಸೊಬ್ಬಳು ಹೊರಗೆ ಬಂದಳು, ನೀನು ಹೇಳಿದ ಹಾಗೆಯೇ, ಕೈ ಇಟ್ಟ ರೀತಿಯೂ ಹಾಗೆಯೇ. ಸರೋಜಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ, "ಇದ್ದಾಳೆ ಭಾವ. ಸುಳ್ಳು ಹೇಳಿರ್ಲಿಲ್ಲ ಲಲಿತ" ಎಂದರು.

ಅಲ್ಲಿ ನಿಂತಲ್ಲಿಂದಲೇ ಹಳೆಯ ಕಾಲೊನಿಯವರ ವಾಟ್ಸಾಪ್ ಗುಂಪಿಗೆ ಮಾತು ಮುದ್ರಿಸಿ ಕಳಿಸಿದರು: "ನಾನು ಸರೋಜ. ಕಾರ್ಗಲ್ಲಿನವ್ರೆಲ್ಲ ಕೇಳಿ. ಲಲಿತನ ಬಾಗ್ಲು ಇದೆ. ನಾನೇ ಕಣ್ಣಾರೆ ನೋಡ್ದೆ." ಸ್ವಲ್ಪ ಹೊತ್ತಿಗೆ ಉತ್ತರ ಬಂತು. ನಗುವ ಮುಖಗಳ ಸಾಲು, ಕೆಳಗೆ ಯಾರೋ ಬರೆದಿದ್ದರು: 'ಹೌದ್ಹೌದು ಸರೋಜಕ್ಕ. ಲಲಿತನ ಬಾಗ್ಲು.' ಒಬ್ಬರೂ ನಂಬಲಿಲ್ಲ! ಫೋನು ಕೈಯಲ್ಲೇ ಇತ್ತು, ಫೋಟೋ ತೆಗೆಯಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ. ಇಷ್ಟು ವರ್ಷ ನೀನು ನುಂಗಿಕೊಂಡದ್ದು ಏನೆಂದು ಸರೋಜಕ್ಕನಿಗೆ ಆ ಗಳಿಗೆಯಲ್ಲಿ ತಿಳಿಯಿತು ಎಂದು ಕಾಣುತ್ತದೆ. ಕರೆಯಲಿಕ್ಕೆಂದು ತಂದು ತೆರೆದಿಟ್ಟಿದ್ದ ಕುಂಕುಮದ ಭರಣಿ ಮುಚ್ಚುವುದನ್ನೂ ಮರೆತು ಕೂತರು. ಆಮೇಲೆ ಎದ್ದು, ಬರುವ ಭಾನುವಾರ ಎಲ್ಲರೂ ಇಲ್ಲಿಗೆ ಬರಬೇಕು, ನಾನು ಎಲ್ಲರ ಎದುರೇ ಬಾಗ್ಲು ತೆಗೆಸ್ತೇನೆ ಎಂದು ಒಬ್ಬೊಬ್ಬರಿಗೂ ಫೋನು ಮಾಡಿದರು. ಗೃಹಪ್ರವೇಶಕ್ಕೆ ನನ್ನನ್ನು ಕರೆಯುವುದು ಮರೆತೇ ಹೋಯಿತು. ಭಾನುವಾರದ ಬೋಂಡಾ ನನ್ನ ಪಾಲಿಗೆ. ಆ ಹೊಸ ಸೊಸೆಯನ್ನೂ ಕರೆತರಲು ಹೇಳಿದ್ದೇನೆ.

ಇಷ್ಟೆಲ್ಲ ನಿನಗೆ ಗೊತ್ತಿದ್ದದ್ದೇ, ನಮಗೆ ಈಗ ಗೊತ್ತಾಯಿತು ಅಷ್ಟೆ. ಆದರೆ ಕರೆಂಟು ಹೋದದ್ದರಿಂದ ನೀನು ನೋಡದೆ ಉಳಿದದ್ದು ಒಂದಿದೆ. ಈ ಕಾಗದ ಬರೆದದ್ದೇ ಅದಕ್ಕೆ. ಅವಳು ಬೈಯುವುದಿಲ್ಲ ಕಣೇ. ಊಟಕ್ಕೆ ತಡವಾಗಿ ಬಂದವನನ್ನು ಒಂದು ಗಳಿಗೆ ನೋಡುತ್ತಾಳೆ. ಮೆಟ್ಟಿಲಿಳಿದು ಬಂದು ತೆಪ್ಪ ಹತ್ತುತ್ತಾಳೆ. ಅವನ ಕೈಯಿಂದ ಗಳ ಇಸಿದುಕೊಳ್ಳುತ್ತಾಳೆ. ಅವನು ಹಿಂದೆ ಹೋಗಿ ಕೂರುತ್ತಾನೆ. ಬಾಗಿಲು ತೆರೆದೇ ಇರುತ್ತದೆ, ತೆಪ್ಪ ಹೊರಡುತ್ತದೆ, ಮತ್ತೆ ಮೊದಲ ಸೇತುವೆ.

ಸರೋಜಕ್ಕ ಅಲ್ಲಿ ಸೋತರು. ಅವಳು ತಲೆ ತಗ್ಗಿಸಿದಳು, ಹಿಂದೆ ಕೂತವನು ತಗ್ಗಿಸಲಿಲ್ಲ. ಅವನಿಗೆ ಬೇರೆಯೇ ಗುಂಡಿ ಇದೆ, ಅದನ್ನು ಇನ್ನೊಬ್ಬರು ಒತ್ತಬೇಕು. ಭಾನುವಾರ ಆ ಗುಂಡಿಯ ಮುಂದೆ ನಾನು ನಿಲ್ಲುತ್ತೇನೆ. ತಲೆ ತಗ್ಗಿಸುವುದನ್ನು ಅಷ್ಟರೊಳಗೆ ಕಲಿತಿರುತ್ತೇನೆ.

ಯುವರ್ಸ್ ಒಬೀಡಿಯಂಟ್ಲಿ,
ಹಿಂದೆ ಕೂತವನು